ಖಾರ ಹತ್ತಿದ ಬೆರಳು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಗಡಿಯಿಂದ ಬಂದ ಟಂಟಂ ಆರು ಹೆಣ್ಣುಮಕ್ಕಳನ್ನು ಮಾಲತೇಶಪ್ಪನವರ ದಲಾಲಿ ಅಂಗಡಿಯ ಮುಂದೆ ಇಳಿಸಿ ಹೋಗುತ್ತದೆ. ಎಲ್ಲರಿಗಿಂತ ಕೊನೆಗೆ ಇಳಿಯುವವರು ಗದಿಗೆವ್ವ. ಐವತ್ತೆರಡು ವರ್ಷ. ಮೂಗು ಬಾಯಿಗೆ ಮಾಸ್ಕ್, ಅದರ ಮೇಲೆ ಸೆರಗು, ಮೊಣಕೈ ದಾಟಿ ಇಳಿದ ಗಂಡನ ಹಳೆಯ ಅಂಗಿ. ಬಲಗೈಯ ತೋರುಬೆರಳಿಗೆ ದಪ್ಪ ಬ್ಯಾಂಡೇಜು, ಧೂಳು ಕೂರದಂತೆ ಅದಕ್ಕೊಂದು ಪ್ಲಾಸ್ಟಿಕ್ ಹಾಳೆ.

ಇವತ್ತು ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವರಿಗೊಂದು ಫೋನು ಬರಬೇಕು. ಬೆರಳಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಇಲ್ಲವೋ, ಹನ್ನೆರಡು ವರ್ಷದ ಹಿಂದೆ ತಂಗಿ ಕೊಟ್ಟ ಲಿವರ್ ಚೆನ್ನಾಗಿದೆಯೋ ಇಲ್ಲವೋ, ಎರಡೂ ಆ ಒಂದೇ ಫೋನಿನಲ್ಲಿ ತಿಳಿಯಬೇಕು. ಇಂಥ ದಿನ ಮನೆಯಲ್ಲಿರಬಾರದಿತ್ತೇ ಎಂದರೆ ಗದಿಗೆವ್ವ ಕಣ್ಣಲ್ಲೇ ಗದರುತ್ತಾರೆ.

"ಮನ್ಯಾಗ ಕುಂತಿದ್ರ ಫೋನಿನ ಮಾರಿ ನೋಡಿ ನೋಡಿ ಹುಚ್ಚ ಹಿಡೀತಿತ್ರಿ. ಇಲ್ಲಿ ಕಾಯಿ ಆದ್ರೂ ಮಾತಾಡ್ತಾವು."

ಮಾತಾಡುತ್ತವೆ ಎನ್ನುವುದು ಉಪಮೆಯಲ್ಲ, ಅದೇ ಅವರ ಕೆಲಸ. ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಗಿಲಿಗಿಲಿ ಎಂದರೆ ಕಾಯಿ ಒಣಗಿದೆ. ಸದ್ದಿಲ್ಲದಿದ್ದರೆ ಅದು ಮೂಕಗಾಯಿ. ಆಗ ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಅದುಮಿ ತೇವ ನೋಡುತ್ತಾರೆ. ಹೊರಗೆ ಕೆಂಪಗೆ ಮಿರಿಮಿರಿ ಮಿಂಚುವ ಕಾಯಿಯ ಹೊಟ್ಟೆಯೊಳಗೆ ಬೂಸ್ಟು ಕುಳಿತಿರುತ್ತದೆ. ಆ ಬೂಸ್ಟಿನ ವಿಷ ತಿಂದವರ ಲಿವರ್‌ಗೇ ಹೋಗಿ ಸೇರುತ್ತದೆಂದು ಗದಿಗೆವ್ವನಿಗೆ ಹೇಳಿದ್ದು ಡಾಕ್ಟರು. ಅಂದಿನಿಂದ ಮೂಕಗಾಯಿ ಕಂಡರೆ ಅವರಿಗೆ ಹಗೆ. ದಿನಕ್ಕೆ ಹದಿನೈದು ಇಪ್ಪತ್ತು ಚೀಲ ಅವರ ಕಣ್ಣು, ಕೈ, ಕಿವಿ ದಾಟಿ ಹೋಗುತ್ತವೆ.

"ತೇವ ನೋಡೂ ಮಷಿನ್ ನಮ್ಮ ಕಡೆನೂ ಐತ್ರಿ," ಎನ್ನುತ್ತಾರೆ ಮಾಲತೇಶಪ್ಪ. "ಅದು ಹೇಳಿದ ಮ್ಯಾಲೂ ನಾ ಗದಿಗೆವ್ವನ್ನ ಒಮ್ಮೆ ಕೇಳತೇನಿ."

ಇವತ್ತು ಬಲಗೈ ರಜೆಯಲ್ಲಿದೆ. ಎಡಗೈಯಲ್ಲಿ ಅಲ್ಲಾಡಿಸುತ್ತಾರೆ, ಅದುಮಲು ಪಕ್ಕದಲ್ಲಿ ಕುಳಿತ ಗೆಳತಿ ಸೈದಾಬಿಗೆ ಕೊಡುತ್ತಾರೆ. ಸೈದಾಬಿ ಅದುಮಿದ್ದು ಸರಿಬರದೆ ಇಬ್ಬರಿಗೂ ಬೆಳಗಿನಿಂದ ಎರಡು ಸಲ ಜಗಳವಾಗಿದೆ.

ಹನ್ನೆರಡು ವರ್ಷದ ಹಿಂದೆ ಗದಿಗೆವ್ವನಿಗೆ ಹತ್ತಿದ ಕಾಮಾಲೆ ಬಿಡಲೇ ಇಲ್ಲ. ಹೊಟ್ಟೆ ಉಬ್ಬಿತು, ಕಾಲು ಬಾತವು. ಹೆಪಟೈಟಿಸ್ ಬಿ ಒಳಗೊಳಗೇ ಲಿವರ್ ತಿಂದು ಮುಗಿಸಿತ್ತು. ಹನಿ ಹೆಂಡ ಮುಟ್ಟದ ಹೆಂಗಸನ್ನು ಓಣಿಯವರು "ಕುಡಿತಿದ್ಲೇನ?" ಎಂದು ಕೇಳಿದರು. ಅಂಥ ಬಾಯಿಗಳಿಗೆ ಏನೆನ್ನಬೇಕು! ರಾಣೆಬೆನ್ನೂರಿನಲ್ಲಿ ಬೀಜದ ತೋಟಗಳಿಗೆ ಹೂವಿಗೆ ಪರಾಗ ಸೋಕಿಸಿ ಕ್ರಾಸ್ ಮಾಡಲು ಹೋಗುವ ತಂಗಿ ನೀಲಾ ಮಾತ್ರ ಏನೂ ಕೇಳಲಿಲ್ಲ. ಬೆಂಗಳೂರಿಗೆ ಹೋಗಿ ತನ್ನ ಲಿವರ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಅಕ್ಕನಿಗೆ ಕೊಟ್ಟು ಬಂದರು.

ಅಂದಿನಿಂದ ಬೆಳಿಗ್ಗೆ ಎಂಟು, ಸಂಜೆ ಎಂಟಕ್ಕೆ ಗುಳಿಗೆ. ಒಂದು ದಿನವೂ ತಪ್ಪಿಲ್ಲ. ಬೇರೆಯವರ ಅಂಗವೆಂದು ದೇಹ ಲಿವರ್ ಮೇಲೆ ಬೀಳದಿರಲೆಂದು ಆ ಗುಳಿಗೆಗಳು ದೇಹದ ಕಾವಲನ್ನೇ ಮಂಕಾಗಿಸುತ್ತವೆ. ಕಾವಲು ಮಂಕಾದಾಗ ಕ್ಯಾನ್ಸರ್ ತಲೆ ಎತ್ತುವುದೂ ಸುಲಭ, ಅದರಲ್ಲೂ ಚರ್ಮದ ಮೇಲೆ. ಲಿವರ್ ಬದಲಾಯಿಸಿಕೊಂಡು ಹತ್ತಿಪ್ಪತ್ತು ವರ್ಷ ಬದುಕುವವರು ಬೇಕಾದಷ್ಟಿದ್ದಾರೆ, ಆದರೆ ಮೈಮೇಲಿನ ಒಂದು ಚುಕ್ಕೆಯನ್ನೂ ಬಿಡದೆ ನೋಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಮುಂಗೈ, ಕಿವಿ, ತುಟಿ ಎಲ್ಲಾ ಕನ್ನಡ್ಯಾಗ ನೋಡ್ಕೋತಿದ್ದೆ. ಬೆರಳೊಂದು ಬಿಟ್ಟೆ. ಖಾರ ಹತ್ತೇತಿ ಅಂದ್ಕೊಂಡೆ."

ಈ ಪೇಟೆಯಲ್ಲಿ ಕೈಗೆ ಏನಾದರೂ ಉತ್ತರ ಅದೊಂದೇ. ತೊಟ್ಟು ಚುಚ್ಚಿ, ಒಳಗೆ ಖಾರ ಇಳಿದು, ಉಗುರಿನ ಬುಡ ಹುಣ್ಣಾಗುವುದು ಇಲ್ಲಿ ಯಾರಿಗೂ ಹೊಸದಲ್ಲ. ಔಡಲೆಣ್ಣೆ ಹಚ್ಚಿ ಕೆಲಸಕ್ಕೆ ಕೂರುತ್ತಾರೆ. ಗದಿಗೆವ್ವ ಡಾಕ್ಟರ ಮಾತಿನಂತೆ ಕೈಗವಸನ್ನೇನೋ ಹಾಕಿದ್ದರು, ಆದರೆ ಕಾಯಿಯ ತೇವ ತಿಳಿಯಲೆಂದು ತೋರುಬೆರಳಿನ ತುದಿಯಷ್ಟನ್ನು ಕತ್ತರಿಸಿದ್ದರು. ಹುಣ್ಣಾದದ್ದು ಅಲ್ಲೇ. ಕಳೆದ ಏಪ್ರಿಲ್ ತಪಾಸಣೆಯಲ್ಲಿ ಹುಬ್ಬಳ್ಳಿ ಆಸ್ಪತ್ರೆಯ ನರ್ಸ್ ಪ್ರಿಯಾಂಕಾ ಬೆರಳು ಹಿಡಿದು ಕೇಳಿದಾಗಲೂ, "ಖಾರ ಹತ್ತೇತ್ರಿ, ನಮ್ಮಲ್ಲಿ ಎಲ್ಲಾರಿಗೂ ಹತ್ತತೈತಿ" ಎಂದು ನಕ್ಕು ಬಂದಿದ್ದರು.

ಮೇ ಕಳೆಯಿತು, ಹಂಗಾಮು ಮುಗಿಯಿತು. ನಾಗರ ಪಂಚಮಿಯ ದಿನ ಗದಿಗೆವ್ವ ಸೈದಾಬಿಯ ಮನೆಗೆ ಉಂಡಿ ಕೊಡಲು ಹೋದರು. ಸೈದಾಬಿ ಉಂಡಿ ಹಿಡಿಯುವ ಬದಲು ಕೈ ಹಿಡಿದರು.

"ಏನಬೇ ಗದಿಗಿ, ನೀ ಮೆಣಸಿನಕಾಯಿ ಮುಟ್ಟದ ಮೂರು ತಿಂಗಳಾಗಾಕ ಬಂತು. ಇನ್ನೂ ಯಾವ ಖಾರ ಹತ್ತಾಕತ್ತೈತಿ ನಿನಗ?"

ಮರುದಿನವೇ ಸೈದಾಬಿ ಗದಿಗೆವ್ವನನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿ ತಾವೂ ಹತ್ತಿದರು. ಚೂರು ಚರ್ಮ ತೆಗೆದು ನೋಡಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಅದನ್ನು ಕತ್ತರಿಸಿದರು. ಡಿಸೆಂಬರಿನಲ್ಲಿ ಹಳೆಯ ಕಲೆಯ ಪಕ್ಕದಲ್ಲೇ ಮತ್ತೊಂದು ಗಂಟು ಎದ್ದಿತು. ಹತ್ತು ದಿನದ ಹಿಂದೆ ಅದನ್ನೂ ತೆಗೆದಿದ್ದಾರೆ. ಈ ಸಲ ಗಾಯದ ಅಂಚು ಸ್ವಚ್ಛ ಬರದಿದ್ದರೆ, ಎಂದರೆ ಅಲ್ಲಿ ಕ್ಯಾನ್ಸರ್ ಇನ್ನೂ ಉಳಿದಿದ್ದರೆ, ಬೆರಳಿನ ತುದಿಯನ್ನೇ ತೆಗೆಯಬೇಕಾಗುತ್ತದೆ.

ಇದರ ಜೊತೆಗೆ ಡಾಕ್ಟರು ಗುಳಿಗೆಯ ಪ್ರಮಾಣವನ್ನೂ ಇಳಿಸಿದ್ದಾರೆ. ಇಳಿಸದಿದ್ದರೆ ಕ್ಯಾನ್ಸರ್‌ಗೆ ದಾರಿ ಬಿಟ್ಟಂತೆ, ಹೆಚ್ಚು ಇಳಿಸಿದರೆ ದೇಹ ಲಿವರ್ ಮೇಲೆಯೇ ತಿರುಗಿ ಬೀಳಬಹುದು. ನಿನ್ನೆ ಹಾವೇರಿಯಲ್ಲಿ ಲಿವರ್ ನೋಡುವ ರಕ್ತ ಪರೀಕ್ಷೆಯಾಗಿದೆ. "ಬೆರಳಿನ ಚಿಂತಿಗಿಂತ ರಕ್ತದ ಚಿಂತಿನ ಭಾಳರಿ," ಎನ್ನುವಾಗ ಗದಿಗೆವ್ವನ ದನಿ ಸಣ್ಣಗಾಗುತ್ತದೆ. ನೀಲಾಗೆ ಗುಳಿಗೆ ಇಳಿಸಿದ ಸಂಗತಿಯನ್ನೇ ಅವರು ಹೇಳಿಲ್ಲ.

ಹನ್ನೊಂದು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಚೀಲದೊಳಗೆ ಫೋನು ಬಡಿದುಕೊಳ್ಳುತ್ತದೆ. ಗದಿಗೆವ್ವನ ಕೈಯೂ ಖಾರ, ಸೈದಾಬಿಯ ಕೈಯೂ ಖಾರ. ಮಾಲತೇಶಪ್ಪ ಗಾದಿಯಿಂದ ಎದ್ದು ಬಂದು ಫೋನು ಎತ್ತಿ, ಸ್ಪೀಕರ್ ಹಚ್ಚಿ ಹಿಡಿಯುತ್ತಾರೆ. ಸುತ್ತಲಿನ ಕೈಗಳೆಲ್ಲ ನಿಲ್ಲುತ್ತವೆ.

"ಗದಿಗೆವ್ವಾರ, ನಾ ಪ್ರಿಯಾಂಕಾ ರಿ. ರಕ್ತದ ರಿಪೋರ್ಟ್ ಛಲೋ ಬಂದೈತಿ. ಗುಳಿಗಿ ಇಳಿಸಿದ್ರೂ ಲಿವರ್ ತಡಕೊಂಡೈತಿ. ಆದ್ರ... ಬೆರಳಿನ ಅಂಚು ಸ್ವಚ್ಛ ಬಂದಿಲ್ಲರಿ. ತುದಿ ಗೆಣ್ಣಿನ ತನಕ ತೆಗೀಬೇಕಂತಾರ ಸಾಹೇಬ್ರು. ಗುರುವಾರ ಬರ್ರಿ."

"ಲಿವರ್ ಏನಂದ್ರಿ? ಅದೊಂದು ಇನ್ನೊಮ್ಮೆ ಹೇಳ್ರಿ," ಎನ್ನುತ್ತಾರೆ ಗದಿಗೆವ್ವ.

ಪ್ರಿಯಾಂಕಾ ಇನ್ನೊಮ್ಮೆ ಹೇಳುತ್ತಾರೆ. ಗದಿಗೆವ್ವ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾರೆ. ಸೈದಾಬಿ ಕೈ ಖಾರವೆಂಬುದನ್ನೂ ಮರೆತು ಕಣ್ಣೊರೆಸಿಕೊಳ್ಳಲು ಹೋಗುತ್ತಾರೆ. ಗದಿಗೆವ್ವನೇ ಆ ಕೈಯನ್ನು ತಡೆದು ಕೆಳಗಿಳಿಸುತ್ತಾರೆ. ಮಾಲತೇಶಪ್ಪ ಫೋನನ್ನು ಮತ್ತೆ ಚೀಲದೊಳಗೆ ಇಡುತ್ತಾರೆ.

"ಅದ... ಕಾಯಿ ಅದುಮೂ ಬೆರಳಲ್ಲೇನವ್ವಾ?" ಎನ್ನುತ್ತಾರೆ.

"ಹೌದ್ರಿ ಸಾವ್ಕಾರ್ರ. ಬೆರಳು ನಂದು, ನಾ ಕೊಡ್ತೇನಿ. ಲಿವರ್ ನಮ್ಮ ನೀಲಾಂದು. ಹನ್ನೆರಡು ವರ್ಷ ಅದನ್ನ ಕೆಡದಂಗ ಇಟ್ಟೇನಿ."