ಅವ್ವನ ಭಂಡಾರ ಮತ್ತು ವಿಮಾನದ ಕಿಟಕಿಯ ತೂತು

ಪುಣೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕೆಡದಿದ್ದರೆ ನಮಗೆ ನಿದ್ದೆ ಹತ್ತಿ, ಪುಣೆ ದಾಟಿ ಮುಂಬಯಿಗೆ ಹೋಗಿ ಕಣ್ಣು ಬಿಡಬಹುದಿತ್ತು. ಅವ್ವನ ಅಂಟಿನುಂಡಿಯ ಡಬ್ಬಿಯನ್ನು ವಿಮಾನ ನಿಲ್ದಾಣದ ಪೊಲೀಸರು ಬಾಂಬೆಂದು ತಿಳಿಯಬಹುದಿತ್ತು. ಗುರುತಿನ ಚೀಟಿಗಳ ಪ್ರಕಾರ ಅವ್ವ ನನಗಿಂತ ಬರೀ ಹತ್ತು ವರ್ಷ ದೊಡ್ಡವಳೆಂಬುದು ಯಾರದಾದರೂ ಕಣ್ಣಿಗೆ ಬೀಳಬಹುದಿತ್ತು. ವಿಮಾನದ ಎಂಜಿನಿನೊಳಗೆ ಹದ್ದು ಹೊಗಬಹುದಿತ್ತು, ಕಿಟಕಿ ಸೀಳಬಹುದಿತ್ತು, ನಡೆಸುವವರಿಬ್ಬರ ಹೊಟ್ಟೆಯೂ ಒಮ್ಮೆಲೇ ಕೆಡಬಹುದಿತ್ತು. ಇದನ್ನೆಲ್ಲ ದಾಟಿ ದಿಲ್ಲಿ ಮುಟ್ಟುವಷ್ಟರಲ್ಲಿ ತಂಗಿಯ ಹೆರಿಗೆಯೇ ಆಗಿಹೋಗಿರಬಹುದಿತ್ತು.

ಉಳಿದವೆಲ್ಲ ನನ್ನ ಹವ್ಯಾಸದ ಚಿಂತೆಗಳು. ಕೊನೆಯದೊಂದು ಮಾತ್ರ ಖರೇ ಚಿಂತೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಕಡೆಯ ರೂಢಿ. ತಂಗಿಯ ಗಂಡ ಸೈನ್ಯದಲ್ಲಿದ್ದ, ಸಂಸಾರ ದಿಲ್ಲಿಯಲ್ಲಿತ್ತು. ಕರೆತರಲು ಹೊರಡಬೇಕೆನ್ನುವಾಗ ಅಲ್ಲಿನ ಡಾಕ್ಟರು, ಆಕೆ ಮಂಚ ಬಿಟ್ಟು ಇಳಿಯಲೇಬಾರದು ಎಂದುಬಿಟ್ಟರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಕಡೆ ಹೋಗಬೇಕೆಂದು ಅವ್ವ ತೀರ್ಮಾನಿಸಿದಳು. ತವರನ್ನು ಎರಡು ಚೀಲದಲ್ಲಿ ತುಂಬಿದ್ದೂ ಆಯಿತು: ಬಾಣಂತಿಗೆ ಅಂಟಿನುಂಡಿ, ಅಜವಾನ, ಬನಹಟ್ಟಿಯ ಮೆತ್ತನೆ ಸೀರೆ, ಕೂಸಿಗೆ ಹಾಸಲು ಕಂಬಳಿಯ ತುಂಡು. ನಮ್ಮ ದೇವರು ಬೀರಪ್ಪನ ಭಂಡಾರ, ಅಂದರೆ ಅರಿಷಿಣದ ಪುಡಿ, ಮಾತ್ರ ಸೆರಗಿನ ಗಂಟಿನಲ್ಲಿ. ರೈಲು ಹತ್ತಿ ಹೋಗುವಷ್ಟು ವೇಳೆ ಇರಲಿಲ್ಲ. ಅಳಿಯ ಪುಣೆಯಿಂದ ವಿಮಾನದ ಟಿಕೀಟು ತೆಗೆಸಿದ.

ಅವ್ವ ಅಂಜುವ ಹೆಂಗಸಲ್ಲ. ಬೀಳಗಿ ಕಡೆಯ ಕುರಿಗಾರರ ಮನೆಯವಳು. ಅಣೆಕಟ್ಟಿನ ಹಿನ್ನೀರು ಬರುವ ಮೊದಲು, ತುಂಬಿದ ಕೃಷ್ಣೆಯನ್ನು ಹರಿಗೋಲಿನಲ್ಲಿ ಮರಿಗಳನ್ನು ತೊಡೆಯ ಮೇಲಿಟ್ಟುಕೊಂಡು ದಾಟಿದವಳು. ಆಕೆಯನ್ನು ಕೆಡಿಸಿದ್ದು ನಾನು. ಜಮಖಂಡಿಯ ನಮ್ಮ ಮನೆಯಲ್ಲಿ ಮೂರು ಹೊತ್ತೂ ರೊಟ್ಟಿಯ ಜೊತೆ ನನ್ನ ಚಿಂತೆಗಳನ್ನೂ ಬಡಿಸಿದೆ. ಕೊನೆಗೊಂದು ಸಂಜೆ ಆಕೆ ಚೀಲಗಳ ಬಾಯಿ ಬಿಚ್ಚಿದಳು.

"ನಾ ಒಲ್ಲೆಪಾ. ಇಷ್ಟ ಓದಿದಾಂವ ನೀನs ಅಂಜಾಕತ್ತಿ ಅಂದ್ರ, ಅದರಾಗ ಏನರೆ ಇದ್ದs ಇರತೈತಿ."

ಹೆದರಿಸುವುದರಲ್ಲಿ ನಾನು ಪಳಗಿದವನು. ಧೈರ್ಯ ಹೇಳಿ ಗೊತ್ತಿರಲಿಲ್ಲ. ಮರುದಿನ ಮುಧೋಳದ ಕಚೇರಿಯಲ್ಲಿ ಊಟದ ಬಿಡುವಿಗೆ ಕಂಪ್ಯೂಟರಿನ ಮುಂದೆ ಕೂತು ವಿಮಾನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಸಾಹೇಬರು ವಿಮಾನ ಖರೀದಿಗೆ ಇಳಿದಿದ್ದಾರೆಂದು ಜೊತೆಯವರು ನಗಾಡಿದರು. ನಾನು ಓದುತ್ತ ಹೋದಂತೆ ಎದೆ ಹಗುರಾಗತೊಡಗಿತು. ಈ ಯಂತ್ರವನ್ನು ಧೈರ್ಯವಂತರು ಮಾಡಿಯೇ ಇಲ್ಲ! ನನ್ನಂಥ ಅಂಜುಬುರುಕರು ಸಾಲಾಗಿ ಕೂತು, ಹಾಗಾದರೆ ಏನು ಮಾಡೋಣ, ಹೀಗಾದರೆ ಏನು ಮಾಡೋಣ ಎಂದು ಚಿಂತಿಸಿ ಚಿಂತಿಸಿ ಮಾಡಿದ್ದಾರೆ. ಬೀಡಿ ಸಿಗರೇಟು ಸೇದಬಾರದೆಂದು ಬೋರ್ಡು ಹಾಕಿದ ಮೇಲೂ ಪಾಯಖಾನೆಯ ಬಾಗಿಲಿಗೆ ಬೂದಿಯ ಡಬ್ಬಿ ಇಟ್ಟಿರುತ್ತಾರೆ. ಯಾವನಾದರೂ ಕದ್ದು ಸೇದಿದರೆ ಉರಿಯುವ ತುಂಡನ್ನು ಕಾಗದದ ಬುಟ್ಟಿಗೆ ಎಸೆಯದಿರಲಿ ಎಂದು. ಅದೇ ಬಾಗಿಲು ಒಳಗಿನಿಂದ ಹಾಕಿಕೊಂಡರೂ ಹೊರಗಿನಿಂದ ತೆರೆಯುತ್ತದೆ. ಪಾಯಖಾನೆ ಎಂದು ಬರೆದ ಸಣ್ಣ ತಗಡನ್ನು ಎತ್ತಿದರೆ ಅದರಡಿ ಚಿಲಕ ಸರಿಸುವ ಗುಬ್ಬಿ ಇರುತ್ತದೆ. ಒಳಗೆ ಯಾರಾದರೂ ಎಚ್ಚರ ತಪ್ಪಿ ಬಿದ್ದರೆ ಬೇಕಲ್ಲ. ಕೆಲವು ವಿಮಾನಗಳ ರೆಕ್ಕೆಯ ಮೇಲೆ ಹಳದಿ ಕೊಂಡಿಗಳಿರುತ್ತವೆ, ನೀರಿನಲ್ಲಿ ಇಳಿಯಬೇಕಾದರೆ ಹಗ್ಗ ಕಟ್ಟಿ ಜನ ಹಿಡಿದುಕೊಳ್ಳಲಿ ಎಂದು.

ಸಂಜೆ ಅವ್ವನ ಮುಂದೆ ಇದನ್ನೆಲ್ಲ ಹರವಿದೆ. ಬೂದಿ ಡಬ್ಬಿಯ ಸುದ್ದಿ ಕೇಳಿ, ತೀರಿಹೋದ ನಮ್ಮಪ್ಪನ ಗುಣ ಬಲ್ಲವರೇ ಅದನ್ನು ಮಾಡಿರಬೇಕು ಎಂದಳು. ಹಗ್ಗದ ಕೊಂಡಿಗೆ ತಲೆದೂಗಿದಳು. ಹರಿಗೋಲಿನಲ್ಲೂ ಒಂದು ಹಗ್ಗ ಇರುತ್ತಿತ್ತಂತೆ. ಆದರೂ ಚೀಲ ಕಟ್ಟಲಿಲ್ಲ. ಆಗ ನಾನು, ನಡೆಸುವವರಿಬ್ಬರಿಗೂ ಬೇರೆ ಬೇರೆ ಊಟ ಕೊಡುವ ರೂಢಿಯಿದೆ, ಒಬ್ಬನ ಅನ್ನ ಕೆಟ್ಟಿದ್ದರೂ ಇನ್ನೊಬ್ಬ ನೆಟ್ಟಗಿರಲಿ ಎಂದು, ಎಂದೆ.

ಅವ್ವ ನನ್ನ ಮುಖ ನೋಡಿದಳು. "ಹಟ್ಟ್ಯಾಗ ನಾವೂ ಹಂಗs ಮಾಡ್ತಿದ್ವಿ. ಕುರಿ ಕಾಯೋರು ಇಬ್ಬರೂ ಒಮ್ಮೆಲೆ ಮಲಗೂದಿಲ್ಲ. ಇವರು ಶಾಣ್ಯಾರದಾರ. ಚೀಲ ಕಟ್ಟು."

ಪುಣೆಯ ಬಸ್ಸು ಕೆಡಲಿಲ್ಲ. ಪೊಲೀಸರು ಡಬ್ಬಿ ತೆಗೆಸಿ, ಮೂಸಿ, ನಕ್ಕು ಮುಚ್ಚಿದರು. ವಯಸ್ಸಿನ ಲೆಕ್ಕ ಯಾರೂ ಹಾಕಲಿಲ್ಲ.

ವಿಮಾನದಲ್ಲಿ ಅವ್ವನಿಗೆ ಕಿಟಕಿಯ ಸೀಟು ಸಿಕ್ಕಿತು. ಕೂತ ಕೂಡಲೇ ಗಾಜಿನ ಕೆಳಗಡೆ ಸೂಜಿ ಹೋಗುವಷ್ಟು ಸಣ್ಣ ತೂತನ್ನು ಹುಡುಕಿದಳು. ನಾನು ಇಡೀ ವಿವರಣೆ ಕೊಟ್ಟೆ: ಕಿಟಕಿಗೆ ಒಂದರ ಹಿಂದೊಂದು ಪದರಗಳಿವೆ, ತೂತು ನಡುವಿನದಕ್ಕೆ, ಗಾಳಿಯ ಭಾರವನ್ನೆಲ್ಲ ಹೊರಗಿನ ಪದರ ಹೊರಲಿ, ನಡುವಿನದು ಆಪತ್ತಿಗೆಂದು ಉಳಿದಿರಲಿ ಎಂದೇ ಕೊರೆದದ್ದು. ಕಿಟಕಿಗೆ ಮಂಜು ಹಿಡಿಯದಂತೆಯೂ ಅದೇ ನೋಡಿಕೊಳ್ಳುತ್ತದೆ. ಅವ್ವ ಎಲ್ಲ ಕೇಳಿಕೊಂಡು, ಸೆರಗಿನ ಗಂಟು ಬಿಚ್ಚಿ, ನಮ್ಮ ಬದಿಯ ಪ್ಲಾಸ್ಟಿಕ್ಕಿನ ಮೇಲೆ ತೂತಿನ ನೇರಕ್ಕೆ ಭಂಡಾರದ ಬೆರಳು ಒತ್ತಿದಳು.

"ತೂತು ಇರ್ಲಿ. ಎಲ್ಲೈತಿ ಅಂತ ಬೀರಪ್ಪಗ ಗೊತ್ತಿರಬೇಕಲ್ಲ."

ಮೋಡದೊಳಗೆ ವಿಮಾನ ಕುಲುಕಿತು. ರೆಕ್ಕೆ ಬಾಗಿ ಬಾಗಿ ಏಳುತ್ತಿತ್ತು. ರೆಕ್ಕೆ ಬಾಗುವುದಕ್ಕೇ ಮಾಡಿದ್ದು, ಇದಕ್ಕಿಂತ ಎಷ್ಟೋ ಹೆಚ್ಚು ಬಗ್ಗಿಸಿ ನೋಡಿರುತ್ತಾರೆ ಎಂದು ನಾನೇ ಹೇಳಿಕೊಟ್ಟಿದ್ದೆ. ಈಗ ಅದನ್ನು ಅವ್ವ ನನ್ನ ಮುಂಗೈ ಹಿಡಿದು ನನಗೇ ಹೇಳಿದಳು. ಕುಲುಕಾಟ ನಿಂತ ಮೇಲೆ ನಾನೊಮ್ಮೆ ಎದ್ದು ಹಿಂದಕ್ಕೆ ಹೋಗಿಬಂದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಇಳಿಯುವ ಹೊತ್ತಿಗೆ ಹೊರಗೆ ಕತ್ತಲಾಗುತ್ತಿತ್ತು. ಒಳಗಿನ ದೀಪ ಸಣ್ಣ ಮಾಡಿದರು. ಪಕ್ಕದ ಹಿಂದಿಯ ಹೆಂಗಸು ಗಾಬರಿಯಾಗಿ ನೋಡಿದಾಗ ಅವ್ವ ನಮ್ಮ ಕನ್ನಡದಲ್ಲೇ ಸಮಾಧಾನ ಹೇಳಿದಳು: ಹಟ್ಟಿಯಲ್ಲಿ ಕಂದೀಲು ದೊಡ್ಡದಿಟ್ಟುಕೊಂಡು ಕೂತರೆ ಹೊರಗೆ ತೋಳ ಬಂದದ್ದು ಕಾಣುವುದಿಲ್ಲ, ಇದೂ ಕಣ್ಣಿಗೆ ಕತ್ತಲು ರೂಢಿಯಾಗಲೆಂದು. ಆಕೆಗೆ ಏನು ತಿಳಿಯಿತೋ, ನನ್ನ ಮುಂದಿನಿಂದ ಕೈ ಚಾಚಿ ಅವ್ವನ ಕೈ ಹಿಡಿದುಕೊಂಡಳು. ಚಕ್ರಗಳು ನೆಲ ಮುಟ್ಟಿದವು. ನಾನು ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ.

ಆಸ್ಪತ್ರೆ ಮುಟ್ಟಿದಾಗ ತಂಗಿಗೆ ಹೆರಿಗೆಯ ಬ್ಯಾನಿ ಸುರುವಾಗಿತ್ತು. ಒಳಗೆ ಯಾರನ್ನೂ ಬಿಡುವುದಿಲ್ಲವೆಂದ ನರ್ಸಮ್ಮನಿಗೆ ಅವ್ವ ಏನು ಹೇಳಿದಳೋ ಗೊತ್ತಿಲ್ಲ, ನಾನು ನೋಡುವಷ್ಟರಲ್ಲಿ ಒಳಗಿದ್ದಳು. ಹೆಣ್ಣು ಕೂಸು ಹುಟ್ಟಿತು. ತವರಿನ ಕೈ ಹಿಡಿದುಕೊಂಡೇ ತಂಗಿ ಹಡೆದಳು. ಬೆಳಗ್ಗೆ ನಾನು ಒಳಗೆ ಹೋದಾಗ ಕೂಸು ನಮ್ಮ ಕಂಬಳಿಯ ಮೇಲೆ, ಹಣೆಗೆ ಭಂಡಾರ ಹಚ್ಚಿಸಿಕೊಂಡು ಮಲಗಿತ್ತು. ಅಳಿಯ ಅಂಟಿನುಂಡಿಯ ಡಬ್ಬಿ ಹಿಡಿದು ವಾರ್ಡಿಗೆಲ್ಲ ಹಂಚುತ್ತಿದ್ದ. ಆ ದಿನ ನನ್ನ ಚಿಂತೆಗಳಿಗೆ ಒಂದಕ್ಕೂ ಕೆಲಸವಿರಲಿಲ್ಲ.

ತಂಗಿ ಕೇಳಿದಳು, "ಅಣ್ಣಾ, ದಾರ್ಯಾಗ ಏನೂ ತ್ರಾಸ ಆಗ್ಲಿಲ್ಲೇನ?"

ಏನೂ ಆಗಲಿಲ್ಲ ಎಂದೆ.

"ಒಂದ ಆತು," ಅಂದಳು ಅವ್ವ, ಕೂಸಿನ ಮೇಲಿನ ಕಣ್ಣು ಎತ್ತದೆ. "ಹಿಂದ ಪಾಯಖಾನಿಗೆ ಹೋದಾಂವ ಎಷ್ಟೊತ್ತಾದ್ರೂ ಬರಲಿಲ್ಲ. ತಾನs ಹೇಳಿಕೊಟ್ಟಿದ್ದ ತಗಡು ಎತ್ತಿ, ಗುಬ್ಬಿ ಸರಿಸಿ ಬಾಗಲಾ ತಗದೆ. ಒಳಗ ನಿಮ್ಮಣ್ಣ, ಹಿಡಿಕಿ ಅಂತ ತಿಳದು, ಬೂದಿ ಡಬ್ಬಿ ಹಿಡಕೊಂಡು ಜಗ್ಗಾಕತ್ತಿದ್ದ."

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಲಿಗೆ ಬಿಚ್ಚೀತೆಂದು ನಾನು ಚಿಂತೆಗೆ ಬಿದ್ದೆ. ಹೊರಗೆ ಬಂದಾಗ ನನ್ನ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಅವ್ವ ಹೇಳಲಿಲ್ಲ, ನಾನೂ ಹೇಳಲಿಲ್ಲ: ಆ ಸಣ್ಣ ತಗಡಿನ ಮೇಲೆ, ಕಿಟಕಿಗೆ ಒತ್ತಿದಂತೆಯೇ, ಭಂಡಾರದ ಒಂದು ಹಳದಿ ಬೆರಳು ಮೂಡಿತ್ತು.