ನಮ್ಮನೆಯವರ ಅರೆಬರೆ ವಿಮಾನ

ಮೂರು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದ ವಾರ ಜಗಳೂರಿನ ಹತ್ತಿರದ ನಮ್ಮ ಮನೆ ಮುಂದೆ ಬಾಡಿಗೆ ಟೆಂಪೋ ಬಂದು ನಿಂತಿತು. ನಮ್ಮನೆಯವರು ಟ್ರ್ಯಾಕ್ಟರ್ ಮೆಕ್ಯಾನಿಕ್. ಹಳೇ ಎಂಜಿನ್ನು, ಗೇರ್ ಬಾಕ್ಸು ಮನೆಗೆ ಬರೋದು ನನಗೆ ಹೊಸದಲ್ಲ. ಅವತ್ತು ಮಾತ್ರ ಎರಡು ರೆಕ್ಕೆ ಇಳಿಸಿದರು.

"ಏನ್ರೀ ಇದು?" ಅಂದೆ.

"ವಿಮಾನ ಕಣೇ. ಅರ್ಧ ಆಗೈತೆ. ಇನ್ನರ್ಧ ನಾನು ಮಾಡ್ತೀನಿ."

ಕತ್ತಲಗೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬಿಡಿಭಾಗ ತರಿಸಿ, ಒಬ್ಬರೇ ಕೂರುವಂಥ ಸಣ್ಣ ವಿಮಾನ ಕಟ್ಟುತ್ತಿದ್ದರಂತೆ. ಕಣ್ಣು ಮಂಜಾಯಿತು ಅಂತ ಅರ್ಧಕ್ಕೇ ಇವರಿಗೆ ದಾಟಿಸಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆ ಕದಕ್ಕೆ ಒಂದು ಚಿಲಕ ಹಾಕಿಕೊಡಿ ಅಂತ ಆರು ತಿಂಗಳು ಬಡಕೊಂಡರೂ ಕೇಳದ ಮನುಷ್ಯ ವಿಮಾನ ಕಟ್ಟುತ್ತಾರಂತೆ.

ಕಟ್ಟಿದರು ಅನ್ನಿ. ಮೆಕ್ಕೆಜೋಳದ ಚೀಲ ಇಡುವ ಶೆಡ್ಡಿನಲ್ಲಿ ಎಂಟು ತಿಂಗಳು. ನಾನು ಬೈಯುತ್ತಲೇ ಊಟ ಅಲ್ಲಿಗೇ ಒಯ್ದು ಕೊಡುತ್ತಿದ್ದೆ. ಶೇಂಗಾ ಕಿತ್ತು ಹೊಲ ಖಾಲಿಯಾದ ಮೇಲೆ, "ಈ ಭಾನುವಾರ ಒಂದಾಳೆತ್ತರ ಎಬ್ಬಿಸಿ ಇಳಿಸ್ತೀನಿ, ಅಷ್ಟೇ" ಅಂದರು. ಆ ವಾರ ನನಗೆ ಊಟ ಸೇರಲಿಲ್ಲ.

ಶನಿವಾರ ಮಧ್ಯಾಹ್ನ ರೆಕ್ಕೆಯ ಧೂಳು ಒರೆಸಾಕೆ ಹೋದೆ. ಒಳಗೆ ಎಲುಬಿನಂಥ ಪಟ್ಟಿಗಳು, ಅವಕ್ಕೆ ದಾರ ಹಾಕಿ ಹೊಲಿದ ಬಟ್ಟೆ. ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುವವಳು ನಾನು, ಕಣ್ಣು ಹೊಲಿಗೆಗೇ ಹೋಗುತ್ತೆ. ಬಲಗಡೆ ರೆಕ್ಕೆಯಲ್ಲಿ ಹೊಲಿಗೆ ಹೊಲಿಗೆಗೂ ಗಂಟಿತ್ತು. ಎಡಗಡೆಯದರಲ್ಲಿ ಗಂಟೇ ಇರಲಿಲ್ಲ.

"ರೀ, ಇದು ಕಚ್ಚಾ ಹೊಲಿಗೆ. ಬಟ್ಟೆ ಸರೀಬಾರ್ದು ಅಂತ ಮೊದಲು ಹಾಕ್ತೀವಲ್ಲ, ಅದು."

"ನಿನ್ನ ಬ್ಲೌಸಿಗೂ ವಿಮಾನಕ್ಕೂ ಗಂಟು ಹಾಕ್ಬೇಡ. ಮೇಷ್ಟ್ರು ಪುಸ್ತಕ ನೋಡಿ ಹೊಲ್ದಾರೆ."

ಸಿಟ್ಟು ನೆತ್ತಿಗೇರಿತು. ದಾರದ ತುದಿ ಹಿಡಿದು ಎಳೆದೆ. ಸರ್ರನೆ ಮಾರುದ್ದ ದಾರ ಕೈಗೆ ಬಂತು, ಬಟ್ಟೆ ಪಟ್ಟಿ ಬಿಟ್ಟು ಮೇಲೆದ್ದಿತು.

ಅವರು ಅಲ್ಲೇ ಚೀಲದ ಮೇಲೆ ಕುಸಿದು ಕೂತರು. ಬೆಳಗಾದರೆ ಅದನ್ನು ಹತ್ತಬೇಕಿತ್ತು. ಫೋನ್ ಮಾಡಿದರೆ ಮೇಷ್ಟ್ರು, "ಅಯ್ಯೋ, ಅದನ್ನ ಗಟ್ಟಿ ಮಾಡೋದು ಬಾಕಿ ಇತ್ತಪ್ಪ, ಹೇಳಾಕೆ ಮರೆತೆ" ಅಂತ ಅತ್ತೇಬಿಟ್ಟರು.

ಇವರು ಮೆಲ್ಲಗೆ ಕೇಳಿದರು, "ನೀನೇ ಹೊಲಿದು ಕೊಡ್ತೀಯಾ?"

ಆಗಲ್ಲ ಅಂದಿದ್ದರೆ ವಿಮಾನ ಅಲ್ಲಿಗೇ ನಿಲ್ಲುತ್ತಿತ್ತು. ನನಗೆ ಬೇಕಾಗಿದ್ದೂ ಅದೇ. ಅವರ ಮುಖ ನೋಡಿದೆ. "ಸೂಜಿ ತನ್ರಿ" ಅಂದೆ.

ರೆಕ್ಕೆ ನಿಲ್ಲಿಸಿಕೊಂಡು ಈ ಕಡೆ ನಾನು, ಆ ಕಡೆ ಅವರು. ಗೇಣುದ್ದದ ಸೂಜಿ ನಾನು ಚುಚ್ಚಿದರೆ ಅವರು ಎಳೆದು ವಾಪಸ್ ಕಳಿಸಬೇಕು, ನಾನು ಗಂಟು ಬಿಗಿಯಬೇಕು. ಮದುವೆಯಾದ ಮೇಲೆ ಅಷ್ಟು ಹೊತ್ತು ಇಬ್ಬರೇ ಕೂತಿದ್ದು ಅದೇ ಮೊದಲು.

"ಬೆರಳಿಗೆ ಚುಚ್ತೀಯಲ್ಲೇ," ಅಂತ ಆ ಕಡೆಯಿಂದ.

"ಎಂಟು ತಿಂಗಳು ತಲೆ ತಿಂದಿದ್ದಕ್ಕೆ ಇರಲಿ ಬಿಡ್ರಿ."

ಹದಿನೈದು ದಿನ ಹಿಡಿಯಿತು. ಒಂದೊಂದು ಗಂಟನ್ನೂ ಎರಡೆರಡು ಸಲ ಎಳೆದು ನೋಡಿದೆ. ಆಮೇಲಿನ ಭಾನುವಾರ ವಿಮಾನ ಹೊಲದ ತುಂಬ ಓಡಿ, ಒಂದಾಳೆತ್ತರ ಎದ್ದು, ನಾಲ್ಕು ಉಸಿರಿನಷ್ಟು ಹೊತ್ತು ತೇಲಿ, ಇಳಿಯಿತು. ನೋಡಾಕೆ ಬಂದಿದ್ದ ಜನ ಚಪ್ಪಾಳೆ ಹೊಡೆದರು. ನಾನು ಎಡಗಡೆ ರೆಕ್ಕೆ ಬಿಟ್ಟು ಬೇರೇನೂ ನೋಡಲಿಲ್ಲ.

ಬ್ಲೌಸಿನ ಹೊಲಿಗೆ ಬಿಟ್ಟರೆ ಗಿರಾಕಿ ಬೈಯುತ್ತಾರೆ, ಇನ್ನೊಂದು ಸಲ ಹೊಲಿದು ಕೊಡುತ್ತೇನೆ. ಅವತ್ತು ನನ್ನ ದಾರಕ್ಕೆ ನನ್ನ ಗಂಡ ಜೋತುಬಿದ್ದಿದ್ದರು.