ನಾಲ್ಕು ಕಡೆ ಅಪ್ಪ

ಆಯುಧಪೂಜೆಯ ಮಧ್ಯಾಹ್ನ ಟಿ. ನಗರದ ನಮ್ಮ ಹೋಟೆಲು ಮುಚ್ಚಿರುತ್ತಿತ್ತು. ಅಂದು ಕೆಲಸದವರೆಲ್ಲ ಬಾಳೆಲೆಗೆ ಕೂರುತ್ತಿದ್ದರು, ಧಣಿಯಾದ ಅಪ್ಪ ಬಡಿಸುತ್ತಿದ್ದರು. "ಇಡೀ ಪಂಕ್ತಿ ಒಂದೇ ಫೋಟೋದಲ್ಲಿ ಬರ್ಬೇಕು, ಆಯ್ತಾ?" ಎಂದರು ಆ ವರ್ಷ ಅಮ್ಮ. ಆಗಷ್ಟೇ ಕೊಂಡ ಡಿಜಿಟಲ್ ಕ್ಯಾಮೆರಾದಲ್ಲಿ ಎಡದಿಂದ ಬಲಕ್ಕೆ ತುಂಡು ತುಂಡಾಗಿ ತೆಗೆದೆ. ಜಂಭಕ್ಕೆ ಎಲ್ಲವೂ ಭಾರೀ ಗಾತ್ರದ ರಾ ಫೈಲ್. ಒಂದನ್ನು ತೆರೆಯುವಷ್ಟರಲ್ಲಿ ಆಗಿನ ನಮ್ಮ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು.

ಭಾನುವಾರವೆಲ್ಲ ಹಾಳಾದ ಮೇಲೆ ತುಂಡುಗಳು ಒಂದೇ ಫೋಟೋವಾಗಿ ಕೂಡಿಕೊಂಡವು. ನೋಡಿದರೆ, ಸಾರಿನ ಬಕೆಟ್ ಹಿಡಿದ ಅಪ್ಪ ನಾಲ್ಕು ಕಡೆ! ನಾನು ಕ್ಯಾಮೆರಾ ತಿರುಗಿಸಿದ ದಿಕ್ಕಿಗೇ ಅವರೂ ಬಡಿಸುತ್ತ ನಡೆದಿದ್ದರು. ಒಬ್ಬ ಅಪ್ಪನನ್ನು ಅಳಿಸಹೋದರೆ ಹಿಂದೆ ಕೂತವರ ಮುಖವೂ ಅಳಿಸುತ್ತಿತ್ತು. ಅಳು ಬರುವಷ್ಟು ಸಿಟ್ಟು ಬಂತು.

ಅಮ್ಮ ಪರದೆಯತ್ತ ಬಗ್ಗಿದರು. "ಅದೆಲ್ಲ ಇರ್ಲಿ ಬಿಡು. ಅಪ್ಪ ಊಟಕ್ಕೆ ಕೂತದ್ದೊಂದು ಉಂಟಲ್ಲ, ಅದನ್ನು ಕೊನೆಗೆ ಸೇರಿಸು."

ಫೈಲುಗಳನ್ನು ಮತ್ತೆ ಒಂದೊಂದಾಗಿ ತೆರೆಯತೊಡಗಿದೆ. ಹಿಂದೆ ಬಂದು ನಿಂತಿದ್ದ ಅಪ್ಪ ನಕ್ಕುಬಿಟ್ಟರು.

"ಎಂತ ಹುಡುಕುವುದು ಮಾರಾಯ? ನಾನು ಕೂತರಲ್ವಾ ಫೋಟೋ ಬರುವುದು!"